ವಕೀಲಿ ವೃತ್ತಿಯೂ ದಾಸೋಹವೂ

ಕಾಯಕದ ಗಳಿಕೆ ದಾಸೋಹಕ್ಕೆ ಸಲ್ಲಬೇಕೆಂಬ ಶರಣತತ್ತ್ವದಲ್ಲಿ ವೃತ್ತಿಗೂ ಸೇವೆಗೂ ನಡುವೆ ಗೆರೆಯಿಲ್ಲ. ಆಧುನಿಕ ಕಾಲದಲ್ಲಿ ಹೀಗೆ ನಡೆದವರು ವಿಜಯಪುರದ, ಅಂದಿನ ವಿಜಾಪುರದ, ವಕೀಲರಾದ ಫ. ಗು. ಹಳಕಟ್ಟಿಯವರು (1880–1964).

1910ರಲ್ಲಿ ಅವರು ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯ ಸ್ಥಾಪನೆಗೆ, 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೆ ದುಡಿದರು. ಆ ಸಂಸ್ಥೆಯ ಶಾಲೆಗಳು ಮುಂದೆ ತಿಕೋಟೆ, ಬಬಲೇಶ್ವರಗಳನ್ನೂ ಮುಟ್ಟಿದವು. ಆದರೆ ಕೋರ್ಟಿನ ಗಳಿಕೆಯ ಬಹುಭಾಗ ಸಂದುದು ತಾಡವೋಲೆಗಳಿಗೆ. ಮಠಮನೆಗಳಲ್ಲಿ ಪೂಜೆಗೊಳ್ಳುತ್ತ, ಹುಳು ಹಿಡಿಯುತ್ತಿದ್ದ ಓಲೆಕಟ್ಟುಗಳನ್ನು ಬೇಡಿ ತಂದು, ಓದಿ, ಪ್ರತಿಗಳನ್ನು ಹೋಲಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ಸ್ವಂತ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷ 'ಶಿವಾನುಭವ' ಪತ್ರಿಕೆ ಹೊರಟಿತು. ವಕೀಲಿ ಹಿಂದೆ ಸರಿಯಿತು, ಬಡತನ ಒಳಬಂದಿತು. ಅದರ ಬೆಲೆಯನ್ನು ಮನೆಮಂದಿಯೂ ತೆತ್ತರು. ಚರಿತ್ರಕಾರರು ಇದನ್ನು ಕೀರ್ತಿಯ ಮರೆಯಲ್ಲಿ ಬಿಟ್ಟುಬಿಡುವುದುಂಟು.

ಇಂದು ಸ್ವಯಂಸೇವೆಯು ಉದ್ಯಮಗಳ ಆಡಳಿತದಲ್ಲೂ ಸ್ಥಾನ ಪಡೆದಿದೆ. 2013ರ ಕಂಪನಿ ಕಾಯಿದೆಯು ದೊಡ್ಡ ಕಂಪನಿಗಳಿಗೆ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ 2ರಷ್ಟನ್ನು ಸಮಾಜಕಾರ್ಯಕ್ಕೆ ವಿಧಿಸಿದೆ. ನೌಕರರ ಸೇವೆಯನ್ನು ಗಂಟೆಗಳಲ್ಲಿ ಎಣಿಸುವ ರೂಢಿಯೂ ಬೆಳೆದಿದೆ. ಅದು ಹೀನವೆನ್ನಲಾಗದು, ಅದರಿಂದಲೂ ಶಾಲೆಗಳು ಏಳುತ್ತವೆ. ಆದರೆ ಅಲ್ಲಿ ಕೊಡುವುದು ಲಾಭದ ಒಂದು ಪಾಲು. ಹಳಕಟ್ಟಿಯವರು ಕೊಟ್ಟುದರಲ್ಲಿ ಬಂಡವಾಳವೂ ಸೇರಿತ್ತು, ಇರುವ ಮನೆಯೂ ಸೇರಿತ್ತು.