ಮೊದಲ ಸ್ಥಾನ ಕೊಟ್ಟವರು ಯಾರು?

ವೀಕ್ಷಕ ಮಿತ್ರರೇ, ‘ಈ ವಾರದ ಮೊದಲ ಸ್ಥಾನದ ಹಾಡು’ ಎಂದು ನಿರೂಪಕರು ಘೋಷಿಸಿದಾಗ, ಆ ಸ್ಥಾನ ಕೊಟ್ಟವರು ಯಾರೆಂಬ ಪ್ರಶ್ನೆ ನಿಮಗೆ ಎಂದಾದರೂ ಬಂದಿದೆಯೇ? ಜೋಳವನ್ನು ಅಳೆಯಲು ಸೇರು ಉಂಟು, ಬೆಲ್ಲವನ್ನು ತೂಗಲು ತಕ್ಕಡಿ ಉಂಟು. ಜನಮೆಚ್ಚುಗೆಯನ್ನು ಅಳೆಯುವುದು ಯಾವುದರಿಂದ?

ಬ್ರಿಟನ್ನಿನಲ್ಲಿ ಮೊದಲು ಈ ಕೆಲಸ ಮಾಡಿದ್ದು ದೂರವಾಣಿ. 1952ರ ನವೆಂಬರ್ 14ರಂದು ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆ ತನ್ನ ಮೊದಲ ಪಟ್ಟಿಯನ್ನು ಪ್ರಕಟಿಸಿತು. ಪರ್ಸಿ ಡಿಕಿನ್ಸ್ ಎಂಬುವರು ಸುಮಾರು 20 ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ, ಯಾವುದು ಹೆಚ್ಚು ಮಾರಾಟವಾಯಿತೆಂದು ಕೇಳಿ ಕೂಡಿಸಿದ ಲೆಕ್ಕವದು.

ಅದೇ ವರ್ಷ ನಮ್ಮಲ್ಲಿ ವಾರ್ತಾ ಸಚಿವ ಬಿ. ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಲ್ಲಿ ಚಿತ್ರಗೀತೆಗಳಿಗೆ ಕಡಿವಾಣ ಬಿತ್ತು. ಕೇಳುಗರು ರೇಡಿಯೊ ಸಿಲೋನ್ ಕಡೆಗೆ ಮುಳ್ಳು ತಿರುಗಿಸಿದರು. ಡಿಸೆಂಬರ್‌ನಲ್ಲಿ ಅಲ್ಲಿ ‘ಬಿನಾಕಾ ಗೀತಮಾಲಾ’ ಆರಂಭವಾಯಿತು. ಅಮೀನ್ ಸಯಾನಿ ಅವರ ದನಿಯಲ್ಲಿ ಬುಧವಾರ ರಾತ್ರಿ ಮನೆಮನೆಗೆ ಬಂತು. ಮೊದಲಲ್ಲಿ ಏಳು ಹಾಡುಗಳನ್ನು ಕ್ರಮವಿಲ್ಲದೆ ಕೇಳಿಸುತ್ತಿದ್ದರು. ಕ್ರಮ ಹಚ್ಚಿ ಬರೆಯುವುದು ಶ್ರೋತೃಗಳ ಕೆಲಸ, ಸರಿಯಾದವರಿಗೆ ಬಹುಮಾನ. ಪತ್ರಗಳು ಮೂಟೆಗಟ್ಟಲೆ ಬಂದಾಗ ಆ ಪದ್ಧತಿ ನಿಭಾಯಿಸಲಾಗದೆ, ರೆಕಾರ್ಡ್ ಮಾರಾಟದ ಲೆಕ್ಕವನ್ನು ಆಧರಿಸಿ ‘ಪಾಯ್ದಾನ್’, ಅಂದರೆ ಮೆಟ್ಟಿಲು, ನಿಗದಿಯಾಗತೊಡಗಿತು.

ಇಲ್ಲಿ ಎರಡು ತೊಡಕು. ಅಂಗಡಿಯಲ್ಲಿ ರೆಕಾರ್ಡ್ ಮುಗಿದರೆ ಜನ ಬಯಸಿದ ಹಾಡೂ ಕೆಳಗಿಳಿಯುತ್ತಿತ್ತು. ಹಣವಿದ್ದವರು ತಮ್ಮ ಚಿತ್ರದ ರೆಕಾರ್ಡುಗಳನ್ನು ತಾವೇ ಕೊಳ್ಳಿಸಿ ಮೇಲೇರಿಸಬಹುದಿತ್ತು. ಆದ್ದರಿಂದ ಊರೂರಿನ ಶ್ರೋತೃ ಸಂಘಗಳ ಅಭಿಪ್ರಾಯವನ್ನೂ ಸೇರಿಸಿಕೊಂಡರು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕೆನ್ನುತ್ತೇವೆ. ಅಗುಳೆಲ್ಲ ಒಂದೇ ಪಾತ್ರೆಯಲ್ಲಿ ಕುದಿಯುವುದರಿಂದ ಮಾತ್ರ ಅದು ನಿಜ. ಕೇಳುಗರು ಹಾಗಲ್ಲ. ಚಿಕ್ಕೋಡಿ ತಾಲ್ಲೂಕಿನ ಕರೋಶಿಯನ್ನೇ ನೋಡಿ. ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುವ ಗಡಿಸೀಮೆಯದು. ಇಂಥ ಊರಿನ ಚಹಾದಂಗಡಿಯ ರೇಡಿಯೊ ಮುಂದೆ ಇಪ್ಪತ್ತು ಜನ ಕುಳಿತು ಹಿಂದಿ ಹಾಡು ಕೇಳಿದರೂ, ಅವರಲ್ಲಿ ಗ್ರಾಮಫೋನ್ ಇದ್ದವರಿಲ್ಲದಿದ್ದರೆ ಮಾರಾಟದ ಲೆಕ್ಕದಲ್ಲಿ ಆ ಇಪ್ಪತ್ತೂ ಸೊನ್ನೆಯೇ. ಅಂಥವರ ದನಿ ಪಟ್ಟಿಯವರೆಗೆ ಮುಟ್ಟಲು ಇದ್ದ ದಾರಿ ಶ್ರೋತೃ ಸಂಘ ಮತ್ತು ಅಂಚೆ ಕಾರ್ಡು.

ದೂರದರ್ಶನದ ‘ಚಿತ್ರಹಾರ್’, ನಮ್ಮ ‘ಚಿತ್ರಮಂಜರಿ’ ಹಾಡುಗಳನ್ನು ತೋರಿಸಿದವು, ಅಂಕ ಕೊಡಲಿಲ್ಲ. 1990ರ ದಶಕದಲ್ಲಿ ಮೆಟ್ರೊ ವಾಹಿನಿಯ ‘ಸೂಪರ್‌ಹಿಟ್ ಮುಕಾಬಲಾ’ ಪೈಪೋಟಿಯನ್ನು ತೆರೆಗೆ ತಂದಿತು. ಆ ದಶಕದಲ್ಲೇ ‘ಸುರಭಿ’ಗೆ ಹರಿದುಬಂದ ಕಾರ್ಡುಗಳ ಹೊರೆಯಿಂದಾಗಿ ಅಂಚೆ ಇಲಾಖೆ ಸ್ಪರ್ಧೆಗಳಿಗೆಂದೇ 2 ರೂಪಾಯಿಯ ಕಾರ್ಡು ಹೊರಡಿಸಿತು. ಸಾಮಾನ್ಯ ಕಾರ್ಡಿನ ಬೆಲೆ ಆಗ 15 ಪೈಸೆ. ಟಿವಿಗೆ ಬರೆಯುವ ಹಳ್ಳಿಯವರ ಉತ್ಸಾಹಕ್ಕೆ ಹದಿಮೂರು ಪಟ್ಟು ದರ!

ಅಮೆರಿಕದಲ್ಲಿ 1991ರಲ್ಲಿ ‘ಬಿಲ್‌ಬೋರ್ಡ್’ ಪತ್ರಿಕೆ ಅಂಗಡಿಯವರ ಬಾಯಿಮಾತನ್ನು ಬಿಟ್ಟು, ಬಾರ್‌ಕೋಡ್ ದಾಖಲಿಸಿದ ಮಾರಾಟವನ್ನು ನಂಬಿತು. 1998ರಲ್ಲಿ ಎಂಟಿವಿಯ ‘ಟೋಟಲ್ ರಿಕ್ವೆಸ್ಟ್ ಲೈವ್’ ದೂರವಾಣಿ ಹಾಗೂ ಅಂತರಜಾಲದ ಮತಗಳಿಂದ ವಿಡಿಯೊಗಳ ಕ್ರಮ ಕಟ್ಟಿತು. ಯಂತ್ರ ಬಂದರೂ ಹಳೆಯ ರೋಗ ಬಿಡಲಿಲ್ಲ. 2019ರಲ್ಲಿ ಬಾದಶಾಹ್ ಅವರ ‘ಪಾಗಲ್’ 24 ಗಂಟೆಗಳಲ್ಲಿ ಏಳೂವರೆ ಕೋಟಿ ವೀಕ್ಷಣೆ ಗಳಿಸಿತೆಂದು ಸುದ್ದಿಯಾಯಿತು. ಜಾಹೀರಾತಿಗೆ ಹಣ ಕೊಟ್ಟು ಪಡೆದ ವೀಕ್ಷಣೆಗಳೂ ಅದರಲ್ಲಿದ್ದವೆಂಬ ಚರ್ಚೆಯೆದ್ದಿತು. ಆ ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಅಂಥ ವೀಕ್ಷಣೆಗಳನ್ನು ತನ್ನ ಸಂಗೀತ ಪಟ್ಟಿಗಳಿಂದ ಹೊರಗಿಟ್ಟಿತು. ರೆಕಾರ್ಡ್ ಕೊಳ್ಳಿಸುವ ಹಳೆಯ ಉಪಾಯವೇ ಹೊಸ ವೇಷದಲ್ಲಿ ಬಂದಿತ್ತು.

ಆದ್ದರಿಂದ ಮಿತ್ರರೇ, ಮುಂದಿನ ಸಲ ಪಟ್ಟಿ ಕೇಳಿದಾಗ ಮೂರು ಪ್ರಶ್ನೆ ಹಾಕಿಕೊಳ್ಳಿ: ಎಣಿಸಿದವರು ಯಾರು? ಎಣಿಸಿದ್ದು ಏನನ್ನು? ಎಣಿಕೆಗೆ ಸಿಗದೆ ಉಳಿದವರು ಯಾರು? ಮೂರನೆಯದಕ್ಕೆ ಉತ್ತರ ಹುಡುಕುವಾಗ ನಿಮ್ಮ ಊರನ್ನೂ ಮರೆಯಬೇಡಿ.