ಖಿನ್ನತೆಗೆ ಮನೋಚಿಕಿತ್ಸೆ: ಬೆಂಗಳೂರಿನ ಹೊರವಲಯದಲ್ಲಿ

ಖಿನ್ನತೆಯಿಂದ ಬಳಲುವವರು ತರಬೇತಿ ಪಡೆದ ಚಿಕಿತ್ಸಕರ ಎದುರು ಕೂತು, ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಕೆಲವು ತಿಂಗಳು ಮಾತುಕತೆಯ ಮೂಲಕ ಪಡೆಯುವ ಚಿಕಿತ್ಸೆಯೇ ಮನೋಚಿಕಿತ್ಸೆ. ಜನರ ಬಾಯಲ್ಲಿ ಇದು ಕೌನ್ಸೆಲಿಂಗ್ ಅಥವಾ ಥೆರಪಿ. ಇದನ್ನು ಕಲಿಸುವ ದೇಶದ ಪ್ರಮುಖ ಸಂಸ್ಥೆಯಾದ ನಿಮ್ಹಾನ್ಸ್ ಇರುವುದು ಬೆಂಗಳೂರಿನ ಹೊಸೂರು ರಸ್ತೆಯಲ್ಲಿ. ಅದೇ ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ ಎಲೆಕ್ಟ್ರಾನಿಕ್ ಸಿಟಿ. ಆದರೂ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಪೀಣ್ಯಗಳಲ್ಲಿ ದುಡಿಯುವವರೊಬ್ಬರು ಚಿಕಿತ್ಸೆ ಆರಂಭಿಸಿ ಅದನ್ನು ಪೂರ್ತಿ ಮುಗಿಸುತ್ತಾರೆಯೇ ಎಂಬುದನ್ನು ಕಾಯಿಲೆಯ ತೀವ್ರತೆಗಿಂತ ಹೆಚ್ಚಾಗಿ ಅವರ ಕೆಲಸದ ಪಾಳಿ, ಮಾತಾಡುವ ಭಾಷೆ ಮತ್ತು ಸಂಬಳದ ಚೀಟಿ ನಿರ್ಧರಿಸುತ್ತವೆ.

ಪ್ರದೇಶ

ಈ ಮೂರೂ ಪ್ರದೇಶಗಳ ಹುಟ್ಟು ಬೇರೆ ಬೇರೆ. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ ಮೈಸೂರು ಅರಸರು ಕೊಟ್ಟ ಜಮೀನಿನಲ್ಲಿ ಬೆಳೆದ ಊರು. ಅಲ್ಲಿಗೆ ಐಟಿ ಪಾರ್ಕ್ ಬಂದದ್ದು 1990ರ ದಶಕದಲ್ಲಿ. ಎಲೆಕ್ಟ್ರಾನಿಕ್ ಸಿಟಿ ಆರ್. ಕೆ. ಬಾಳಿಗರ ಕಲ್ಪನೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ 1978ರಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ ಅದನ್ನು ಶುರುಮಾಡಿತು. ಪೀಣ್ಯ ಸಣ್ಣ ಎಂಜಿನಿಯರಿಂಗ್ ಘಟಕ, ಲೇತ್ ಶೆಡ್ಡು, ಗಾರ್ಮೆಂಟ್ಸ್‌ಗಳ ವಲಯ. ಒಂದೆಡೆ ಅಮೆರಿಕದ ಗಡಿಯಾರಕ್ಕೆ ಹೊಂದಿಕೊಂಡು ರಾತ್ರಿ ಕಾಲ್‌ಗಳಲ್ಲಿ ಕೂರುವ ಎಂಜಿನಿಯರ್, ಇನ್ನೊಂದೆಡೆ ಮೂರು ಪಾಳಿಯ ಮೆಷಿನ್ ಆಪರೇಟರ್, ಲೈನಿನಲ್ಲಿ ಗಂಟೆಗಿಷ್ಟು ಪೀಸ್ ಎಂಬ ಗುರಿಗೆ ಹೊಲಿಯುವ ಹೆಂಗಸು. ಇವರಲ್ಲಿ ಹೆಚ್ಚಿನವರು ಹೊರಗಿನಿಂದ ಬಂದವರು: ಉತ್ತರ ಕರ್ನಾಟಕ, ಆಂಧ್ರ, ತಮಿಳುನಾಡು, ಒಡಿಶಾ, ಬಿಹಾರ, ಬಂಗಾಳ. ಮನಸ್ಸು ಕುಸಿದಾಗ ಮೊದಲು ಗಮನಿಸಬೇಕಾದ ಮನೆಯವರು ಊರಲ್ಲಿರುತ್ತಾರೆ. ಪಿಜಿಯಲ್ಲಿ ಜೊತೆಗಿರುವವನಿಗೆ ಕಾಣುವುದು ಹೊದ್ದು ಮಲಗಿದ ಒಬ್ಬ ಮನುಷ್ಯ, ಅಷ್ಟೆ.

ಗುರುತಾಗುವ ಬಗೆ

ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಬೇಸರ ಕವಿದಿರುವುದು ಅಥವಾ ಹಿಂದೆ ಖುಷಿ ಕೊಡುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲವಾಗುವುದು ಖಿನ್ನತೆಯ ಮುಖ್ಯ ಲಕ್ಷಣ. ನಿದ್ದೆ, ಹಸಿವು, ಏಕಾಗ್ರತೆ ಕೆಡುತ್ತವೆ. ತಾನು ಯಾರಿಗೂ ಬೇಡವಾದವನೆಂಬ ಭಾವನೆ, ಸಾಯುವ ಯೋಚನೆ ಬರಬಹುದು. ಆದರೆ ಕಾರ್ಖಾನೆಯ ದವಾಖಾನೆಗೆ ಬರುವವರು ಇದನ್ನೆಲ್ಲ ಹೇಳುವುದು ಅಪರೂಪ. ಅವರು ಹೇಳುವುದು ಮೈಕೈ ನೋವು, ತಲೆಭಾರ, ಎದೆಯುರಿ, ಸುಸ್ತು. ವೈದ್ಯರು ನೋವಿನ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ, ಒಂದು ಬಿ ಕಾಂಪ್ಲೆಕ್ಸ್ ಬರೆದು ಕಳಿಸುತ್ತಾರೆ. ಐಟಿ ಕಚೇರಿಯಲ್ಲಿ ಅದೇ ಕಾಯಿಲೆಯನ್ನು ಬರ್ನ್‌ಔಟ್ ಎಂದು ಕರೆದು, ಒಂದು ವಾರ ರಜೆ ಹಾಕಿ ಕೂರ್ಗ್‌ಗೆ ಹೋಗಿಬಂದು, ಸೋಮವಾರ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಾರೆ. ಥೈರಾಯ್ಡ್ ಏರುಪೇರು, ರಕ್ತಹೀನತೆಗಳೂ ಖಿನ್ನತೆಯಂತೆಯೇ ಕಾಣುವುದರಿಂದ ರಕ್ತಪರೀಕ್ಷೆ ಅಗತ್ಯ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ 27ಕ್ಕೆ 10 ಅಥವಾ ಹೆಚ್ಚು ಅಂಕ ಬಂದರೆ ತಜ್ಞರನ್ನು ಕಾಣಬೇಕು. ಆ ಅಂಕ ಒಂದು ಸುಳಿವು ಮಾತ್ರ, ರೋಗನಿರ್ಣಯವಲ್ಲ.

ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಇಪ್ಪತ್ತರಲ್ಲಿ ಒಬ್ಬರು ಬದುಕಿನ ಯಾವುದೋ ಹಂತದಲ್ಲಿ ಖಿನ್ನತೆಯನ್ನು ಅನುಭವಿಸಿರುತ್ತಾರೆ. ಖಿನ್ನತೆಯಿಂದ ಬಳಲುತ್ತಿರುವ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ಸಿಕ್ಕಿರುವುದಿಲ್ಲ. ಮಹಾನಗರಗಳಲ್ಲಿ ಸಮಸ್ಯೆ ಹೆಚ್ಚು. ಸಮೀಕ್ಷೆಯ ಪೂರ್ವಪ್ರಯೋಗ ನಡೆದದ್ದು ಕೋಲಾರದಲ್ಲಿ. ಆದರೆ ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ.

ಚಿಕಿತ್ಸೆಯಲ್ಲಿ ನಡೆಯುವುದೇನು

ಸಲಹೆ ಕೊಡುವುದು ಚಿಕಿತ್ಸೆಯಲ್ಲ. ‘ಧೈರ್ಯ ತಗೊಳ್ಳಿ, ಎಲ್ಲ ಸರಿಹೋಗುತ್ತೆ’ ಎನ್ನಲು ಬಂಧುಗಳು ಸಾಕು. ಮೊದಲ ಒಂದೆರಡು ಭೇಟಿಗಳಲ್ಲಿ ಚಿಕಿತ್ಸಕರು ಕಾಯಿಲೆ ಯಾವಾಗ ಶುರುವಾಯಿತು, ಮನೆಯ ಪರಿಸ್ಥಿತಿ, ಕುಡಿತ, ನಿದ್ದೆ, ಸಾಲ, ಹಿಂದಿನ ಕಾಯಿಲೆಗಳನ್ನು ವಿಚಾರಿಸುತ್ತಾರೆ. ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೇರವಾಗಿ ಕೇಳುತ್ತಾರೆ. ಹಾಗೆ ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆಂಬ ಭಯಕ್ಕೆ ಆಧಾರವಿಲ್ಲ. ಒಂದು ಭೇಟಿ 45ರಿಂದ 50 ನಿಮಿಷ. ಸಾಧಾರಣ ತೀವ್ರತೆಯ ಖಿನ್ನತೆಗೆ 12ರಿಂದ 16 ಭೇಟಿಗಳು ರೂಢಿ.

ಹೆಚ್ಚು ಬಳಕೆಯಲ್ಲಿರುವುದು ಆರನ್ ಬೆಕ್ 1960ರ ದಶಕದಲ್ಲಿ ಅಮೆರಿಕದಲ್ಲಿ ರೂಪಿಸಿದ ಅರಿವು-ವರ್ತನೆ ಚಿಕಿತ್ಸೆ. ಅಪ್ರೈಸಲ್‌ನಲ್ಲಿ ಕಡಿಮೆ ರೇಟಿಂಗ್ ಬಂದ ಎಂಜಿನಿಯರ್ ‘ನಾನು ಎಂದೂ ಉದ್ಧಾರ ಆಗಲ್ಲ’ ಎಂದುಕೊಂಡರೆ, ಆ ತೀರ್ಮಾನಕ್ಕೆ ಪರವಾಗಿ ಏನಿದೆ, ವಿರುದ್ಧವಾಗಿ ಏನಿದೆ ಎಂದು ಕಾಗದದ ಮೇಲೆ ಬರೆಸಿ ಪರಿಶೀಲಿಸುವುದು ಇದರ ಕ್ರಮ. ಅದನ್ನು ‘ಪಾಸಿಟಿವ್ ಆಗಿ ಯೋಚಿಸಿ’ ಎಂಬ ಉಪದೇಶದೊಡನೆ ಬೆರೆಸಬಾರದು. ರೇಟಿಂಗ್ ನಿಜವಾಗಿಯೂ ಕಡಿಮೆ ಬಂದಿದೆ ಎಂಬುದನ್ನು ಚಿಕಿತ್ಸಕರು ಮುಚ್ಚಿಡುವುದಿಲ್ಲ. ಇನ್ನೊಂದು ವಿಧಾನ ಇನ್ನೂ ಸರಳ. ಉತ್ಸಾಹ ಬಂದ ಮೇಲೆ ಕೆಲಸ ಮಾಡೋಣ ಎಂದು ಕಾಯದೆ, ದಿನಕ್ಕೊಂದು ಸಣ್ಣ ಚಟುವಟಿಕೆಯನ್ನು ವೇಳಾಪಟ್ಟಿಗೆ ಸೇರಿಸುವುದು: ಹತ್ತು ನಿಮಿಷದ ನಡಿಗೆ, ಊರಿಗೆ ಒಂದು ಫೋನ್, ಅಡುಗೆ. ಗೋವಾದಲ್ಲಿ ‘ಸಂಗಾತ್’ ಸಂಸ್ಥೆ ಈ ವಿಧಾನವನ್ನು ಮನೋವಿಜ್ಞಾನದ ಪದವಿಯಿಲ್ಲದ ಸ್ಥಳೀಯರಿಗೆ ಕಲಿಸಿತು. ಅವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರರಿಂದ ಎಂಟು ಭೇಟಿಗಳಲ್ಲಿ ಕೊಟ್ಟ ಚಿಕಿತ್ಸೆ ತೀವ್ರ ಖಿನ್ನತೆಯಲ್ಲೂ ಫಲ ಕೊಟ್ಟಿತೆಂದು 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿಯಾಯಿತು. ಪೀಣ್ಯದಂಥ ಕಡೆಗೆ ಒಪ್ಪುವ ಮಾದರಿ ಇದೇ.

ತೀವ್ರ ಖಿನ್ನತೆಯಲ್ಲಿ ಮಾತಿನ ಜೊತೆ ಔಷಧಿಯೂ ಬೇಕಾಗುತ್ತದೆ. ಅದನ್ನು ಬರೆಯುವವರು ಮನೋವೈದ್ಯರು. ಮಾತ್ರೆಯ ಪರಿಣಾಮ ಕಾಣಲು ಎರಡರಿಂದ ಆರು ವಾರ ಹಿಡಿಯುತ್ತದೆ. ‘ನಾಲ್ಕು ದಿನ ತಗೊಂಡೆ, ಏನೂ ಆಗಲಿಲ್ಲ’ ಎಂದು ಬಿಡುವವರೇ ಬಹಳ. ರಾತ್ರಿ ಪಾಳಿಯವರಲ್ಲಿ ನಿದ್ದೆಯನ್ನು ಸರಿಪಡಿಸದೆ ಉಳಿದದ್ದನ್ನು ಸರಿಪಡಿಸುವುದು ಕಷ್ಟ. ಹಾಗಾಗಿ ಹಗಲು ಪಾಳಿಗೆ ಬದಲಿಸುವಂತೆ ಪತ್ರ ಬರೆದುಕೊಡುವುದೂ ಚಿಕಿತ್ಸೆಯ ಭಾಗವಾಗುತ್ತದೆ.

ಇತಿಹಾಸ

ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಮೂಲ 19ನೇ ಶತಮಾನದ ಮಧ್ಯಭಾಗದ ಆಶ್ರಯಾಲಯ. 1954ರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನಿರ್ದೇಶನದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಗಿ, ಮರುವರ್ಷದಿಂದ ಮನೋವೈದ್ಯರ ಜೊತೆಗೆ ಚಿಕಿತ್ಸಾ ಮನೋವಿಜ್ಞಾನಿಗಳನ್ನೂ ತಯಾರುಮಾಡತೊಡಗಿತು. 1974ರ ಡಿಸೆಂಬರ್ 27ರಂದು ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು. 70ರ ದಶಕದಲ್ಲೇ ಅದು ಆನೇಕಲ್ ಕಡೆಯ ಸಕಲವಾರದಲ್ಲಿ ಹಳ್ಳಿಗರಿಗಾಗಿ ಕೇಂದ್ರ ತೆರೆದಿತ್ತು. 80ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅದು ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಸಕಲವಾರದ ಆಸುಪಾಸಿನ ಜಿಗಣಿ, ಬೊಮ್ಮಸಂದ್ರಗಳು ಇಂದು ಕಾರ್ಖಾನೆ ಪ್ರದೇಶಗಳು. ಹೊಲದಲ್ಲಿ ದುಡಿಯುವವರಿಗಾಗಿ ಕಟ್ಟಿದ ಸೇವೆಯ ಸುತ್ತ ಈಗ ಷಿಫ್ಟ್ ಬಸ್ಸುಗಳು ಓಡಾಡುತ್ತವೆ.

ಕನ್ನಡದಲ್ಲಿ ಈ ವಿಷಯವನ್ನು ಮನೆಮನೆಗೆ ತಲುಪಿಸಿದವರಲ್ಲಿ ಪ್ರಮುಖರು ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್. ನಿವೃತ್ತಿಯ ನಂತರ ಬನ್ನೇರುಘಟ್ಟ ರಸ್ತೆಯ ಅರೆಕೆರೆಯಲ್ಲಿ ‘ಸಮಾಧಾನ’ ಎಂಬ ಉಚಿತ ಆಪ್ತಸಲಹಾ ಕೇಂದ್ರವನ್ನು ನಡೆಸಿದರು. 2024ರಲ್ಲಿ ಪದ್ಮಶ್ರೀ ಪಡೆದರು. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ ತಮಗೆ 2014ರಲ್ಲಿ ಖಿನ್ನತೆ ಬಂದದ್ದನ್ನೂ, ಆಪ್ತಸಲಹೆ ಪಡೆದದ್ದನ್ನೂ, ಮೊದಲು ಔಷಧಿಗೆ ಹಿಂಜರಿದು ಆಮೇಲೆ ತೆಗೆದುಕೊಂಡದ್ದನ್ನೂ 2015ರಲ್ಲಿ ಬಹಿರಂಗವಾಗಿ ಹೇಳಿದರು. ಅವರು ಅದೇ ವರ್ಷ ಸ್ಥಾಪಿಸಿದ ‘ಲಿವ್ ಲವ್ ಲಾಫ್’ ಪ್ರತಿಷ್ಠಾನದ ಗ್ರಾಮೀಣ ಕೆಲಸ ಶುರುವಾದದ್ದು ದಾವಣಗೆರೆ ಜಿಲ್ಲೆಯಲ್ಲಿ.

ಕಂಪನಿಗಳ ನೆರವು

ದೊಡ್ಡ ಐಟಿ ಕಂಪನಿಗಳು ಹೊರಗಿನ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು ನೌಕರರಿಗೆ ಕೆಲವು ಭೇಟಿಗಳನ್ನು ಉಚಿತವಾಗಿ ಒದಗಿಸುತ್ತವೆ. ಬೆಂಗಳೂರಿನಲ್ಲೇ ಹುಟ್ಟಿದ ‘ಒನ್ ಟು ಒನ್ ಹೆಲ್ಪ್’, ‘ಯುವರ್‌ದೋಸ್ತ್’ ಇಂಥ ಸಂಸ್ಥೆಗಳು. ಸೇವೆ ಇದೆಯೆಂದು ಗೊತ್ತಿದ್ದೂ ಬಳಸದಿರಲು ಮುಖ್ಯ ಕಾರಣ ಎಚ್‌ಆರ್‌ಗೆ ತಿಳಿದುಬಿಟ್ಟರೆ ಎಂಬ ಅಂಜಿಕೆ. ಸಾಮಾನ್ಯವಾಗಿ ಕಂಪನಿಗೆ ಸಿಗುವುದು ಎಷ್ಟು ಮಂದಿ ಬಳಸಿದರೆಂಬ ಒಟ್ಟು ಲೆಕ್ಕ ಮಾತ್ರ, ಹೆಸರಲ್ಲ. ಮೊದಲ ಭೇಟಿಯಲ್ಲೇ ಇದನ್ನು ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಉಚಿತ ಭೇಟಿಗಳ ಸಂಖ್ಯೆ ಪೂರ್ಣ ಚಿಕಿತ್ಸೆಗೆ ಸಾಲುವುದು ಕಡಿಮೆ. ಅಲ್ಲದೆ ಕೆಲಸ ಹೋದರೆ ಸೌಲಭ್ಯವೂ ಹೋಗುತ್ತದೆ. ಲೇಆಫ್ ಆದ ತಿಂಗಳಲ್ಲೇ ಚಿಕಿತ್ಸಕರು ಕೈತಪ್ಪುವುದು ಈ ವ್ಯವಸ್ಥೆಯ ದೊಡ್ಡ ದೋಷ.

ಕಾರ್ಮಿಕರು ಮತ್ತು ಇಎಸ್‌ಐ

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ ಕಾರ್ಮಿಕರು ಕಾರ್ಮಿಕರ ರಾಜ್ಯ ವಿಮಾ ಯೋಜನೆಯಾದ ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಈ ಮಿತಿ 2017ರಲ್ಲಿ ನಿಗದಿಯಾದದ್ದು. ಸಂಬಳದಿಂದ ಶೇ. 0.75, ಮಾಲೀಕರಿಂದ ಶೇ. 3.25 ವಂತಿಗೆ ಸಲ್ಲುತ್ತದೆ. ಪೀಣ್ಯದಲ್ಲಿ ಇಎಸ್‌ಐ ಆಸ್ಪತ್ರೆ ಇದೆ. ರಾಜಾಜಿನಗರದಲ್ಲಿ ವೈದ್ಯಕೀಯ ಕಾಲೇಜು ಸಹಿತ ದೊಡ್ಡ ಆಸ್ಪತ್ರೆ ಇದೆ. ಕಾರ್ಮಿಕರಲ್ಲಿ ಹೆಚ್ಚಿನವರಿಗೆ ತಿಳಿಯದ ಸಂಗತಿಯೆಂದರೆ, ಇಎಸ್‌ಐನ ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿ ಕ್ಷಯ, ಕ್ಯಾನ್ಸರ್‌ಗಳ ಜೊತೆಗೆ ತೀವ್ರ ಬಗೆಯ ಖಿನ್ನತೆಯೂ ಸೇರಿದೆ. ಎರಡು ವರ್ಷ ವಿಮಾಯೋಗ್ಯ ಕೆಲಸದಲ್ಲಿದ್ದು, ನಿಗದಿತ ದಿನಗಳ ವಂತಿಗೆ ಕಟ್ಟಿದವರಿಗೆ ಇಂಥ ಕಾಯಿಲೆಯಲ್ಲಿ ಕೂಲಿಯ ಶೇ. 80ರಷ್ಟು ಎರಡು ವರ್ಷದವರೆಗೂ ಸಿಗಬಹುದು. ಸಾಮಾನ್ಯ ಅನಾರೋಗ್ಯಕ್ಕೆ ವರ್ಷದಲ್ಲಿ 91 ದಿನ, ಶೇ. 70ರ ದರದಲ್ಲಿ. ಐಟಿ ನೌಕರನಿಗೆ ಅವನ ಕಂಪನಿ ಕೊಡುವ ನಾಲ್ಕಾರು ಉಚಿತ ಭೇಟಿಗಿಂತ ಕಾಗದದ ಮೇಲೆ ಇದು ಎಷ್ಟೋ ಗಟ್ಟಿಯಾದ ರಕ್ಷಣೆ. ಕೈಗೆ ಬರುವ ದಾರಿ ಮಾತ್ರ ಕಠಿಣ: ಸರಿಯಾದ ರೋಗನಿರ್ಣಯ, ಪ್ರಮಾಣಪತ್ರ, ಹೊರರೋಗಿ ವಿಭಾಗದ ಸಾಲು, ಸಾಲಲ್ಲಿ ನಿಂತ ದಿನದ ಹಾಜರಿ ನಷ್ಟ.

ಇವೆರಡರ ನಡುವೆ ಸಿಕ್ಕಿಬೀಳುವವರು ಸಂಬಳ ಆ ಮಿತಿ ದಾಟಿದ, ಸಣ್ಣ ಘಟಕದಲ್ಲಿ ದುಡಿಯುವ ಅನುಭವಿ ಸಿಎನ್‌ಸಿ ಆಪರೇಟರ್, ಸೂಪರ್‌ವೈಸರ್‌ಗಳು. ಅವರಿಗೆ ಇಎಸ್‌ಐಯೂ ಇಲ್ಲ, ಕಂಪನಿಯ ಕೌನ್ಸೆಲರ್ ಕೂಡ ಇಲ್ಲ.

ಯಾರನ್ನು ಕಾಣುವುದು

ಮನೋವೈದ್ಯರು ಎಂಬಿಬಿಎಸ್ ನಂತರ ಮನೋವೈದ್ಯಶಾಸ್ತ್ರ ಓದಿದ ವೈದ್ಯರು. ಚಿಕಿತ್ಸಾ ಮನೋವಿಜ್ಞಾನಿಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರು. ನೋಂದಣಿ ಸಂಖ್ಯೆ ಕೇಳುವುದು ರೋಗಿಯ ಹಕ್ಕು. ಕೌನ್ಸೆಲರ್ ಎಂಬ ಫಲಕ ಹಾಕಲು ಮಾತ್ರ ಇಂಥದೇ ಓದು ಬೇಕೆಂಬ ಕಟ್ಟುನಿಟ್ಟು ಬಹುಕಾಲ ಇರಲಿಲ್ಲ. ಅದರ ಫಲವಾಗಿ ನುರಿತವರ ಜೊತೆ ವಾರಾಂತ್ಯದ ಕೋರ್ಸು ಮುಗಿಸಿದವರೂ ಇದ್ದಾರೆ. ಖಾಸಗಿಯಲ್ಲಿ ಒಂದು ಭೇಟಿಗೆ ಸಾಮಾನ್ಯವಾಗಿ ಸಾವಿರ ರೂಪಾಯಿ ಮೀರುತ್ತದೆ. ನಿಮ್ಹಾನ್ಸ್‌ನ ಬಿಟಿಎಂ ಬಡಾವಣೆಯ ಕ್ಷೇಮ ಕೇಂದ್ರ ಎಲೆಕ್ಟ್ರಾನಿಕ್ ಸಿಟಿಯವರಿಗೆ ಹತ್ತಿರ. ಆಸ್ಪತ್ರೆಯ ಗೇಟಿನೊಳಗೆ ಕಾಲಿಡಲು ಸಂಕೋಚಪಡುವವರಿಗೂ ಅದು ಅನುಕೂಲ. ವೈಟ್‌ಫೀಲ್ಡಿಗೆ ವೈದೇಹಿ, ಪೀಣ್ಯಕ್ಕೆ ರಾಮಯ್ಯ ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗಗಳಿವೆ. ಕನ್ನಡದಲ್ಲಿ ಚಿಕಿತ್ಸೆ ಕೊಡುವವರು ಬೇಕೆಂದು ಮೊದಲೇ ಹೇಳಬೇಕು. ಅವ್ವನ ಬಗ್ಗೆ ಇಂಗ್ಲಿಷಿನಲ್ಲಿ ಅಳಲು ಯಾರಿಗೂ ಸುಲಭವಲ್ಲ.

ದೂರವಾಣಿ

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. ತಂತ್ರಜ್ಞಾನ ಒದಗಿಸಿದ್ದು ಎಲೆಕ್ಟ್ರಾನಿಕ್ ಸಿಟಿಯಲ್ಲೇ ಇರುವ ಐಐಐಟಿ ಬೆಂಗಳೂರು. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಅಗತ್ಯ ಬಿದ್ದರೆ ಅಲ್ಲಿಂದಲೇ ತಜ್ಞರಿಗೆ ದಾಟಿಸುತ್ತಾರೆ. ಸಾಯಬೇಕೆನಿಸುವ ಹೊತ್ತಿಗೆ ಮೊದಲು ಮಾಡಬೇಕಾದ ಕರೆ ಇದು. ಆದರೆ ಪ್ರಾಣಕ್ಕೆ ಅಪಾಯ ಎದುರಿಗೇ ಇದ್ದರೆ ಫೋನಿನಲ್ಲಿ ಕಾಯದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು. ವಿಡಿಯೊ ಕರೆಯ ಚಿಕಿತ್ಸೆ 2020ರ ನಂತರ ರೂಢಿಯಾಗಿ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟುವ ಕಷ್ಟವನ್ನು ತಪ್ಪಿಸಿದೆ. ಮೂವರು ಹಂಚಿಕೊಂಡ ಪಿಜಿ ಕೋಣೆಯಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಜಾಗ ಹುಡುಕುವ ಕಷ್ಟ ಹಾಗೇ ಉಳಿದಿದೆ. ಕಚೇರಿಯ ಪಾರ್ಕಿಂಗ್‌ನಲ್ಲಿ, ಕಾರಿನೊಳಗೆ ಕೂತು ಚಿಕಿತ್ಸೆ ಪಡೆಯುವವರಿದ್ದಾರೆ.

ಕಾನೂನು ಮತ್ತು ವಿಮೆ

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಸರ್ಕಾರಿ ವೆಚ್ಚದ ಸೇವೆ ಪಡೆಯುವುದು ಮತ್ತು ವಿವರ ಗುಟ್ಟಾಗಿರುವುದು ಎರಡೂ ಈ ಕಾಯ್ದೆಯಡಿ ಹಕ್ಕುಗಳು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಬೇಕೆನ್ನುತ್ತದೆ 115ನೇ ಕಲಂ. ದೇಹದ ಕಾಯಿಲೆಗಳಿಗೆ ಇರುವಂತೆಯೇ ಮಾನಸಿಕ ಕಾಯಿಲೆಗಳಿಗೂ ವಿಮೆ ಕೊಡಬೇಕೆಂದು 21ನೇ ಕಲಂ ವಿಧಿಸುತ್ತದೆ. ಆದರೆ ಸಾಮಾನ್ಯ ಆರೋಗ್ಯ ವಿಮೆ ಭರಿಸುವುದು ಆಸ್ಪತ್ರೆಗೆ ದಾಖಲಾದಾಗಿನ ಖರ್ಚನ್ನು. ಖಿನ್ನತೆಗೆ ಚಿಕಿತ್ಸೆ ಪಡೆಯುವ ಬಹುಮಂದಿ ದಾಖಲಾಗುವುದೇ ಇಲ್ಲ. ಹೊರರೋಗಿ ವೆಚ್ಚ ಸೇರಿರದ ಪಾಲಿಸಿಯಲ್ಲಿ ಆ ಹನ್ನೆರಡು ಹದಿನಾರು ಭೇಟಿಗಳ ಹಣವನ್ನು ಅವರೇ ತೆರಬೇಕು.