ಭತ್ತದ ಅಂಚಿನ ಊರು: ಮುಗದದ ಜನ, ನೆಲ, ದುಡಿಮೆ

ಧಾರವಾಡ ಜಿಲ್ಲೆಯ ಆರ್ಥಿಕ ಚರಿತ್ರೆ ಬರೆದವರೆಲ್ಲ ಹತ್ತಿಯಿಂದ ಶುರು ಮಾಡುತ್ತಾರೆ. ಅದಕ್ಕೆ ಕಾರಣವೂ ಇದೆ. 1840ರ ದಶಕದ ಮೊದಲಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜ ಈ ಸೀಮೆಗೆ ಬಂತು. ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಎದ್ದಿತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗದೆ ನಿಂತಾಗ, ‘ಧಾರವಾಡ ಅಮೆರಿಕನ್’ ಎಂಬ ಹತ್ತಿಯ ಹೆಸರು ದೂರದ ಪೇಟೆಗಳಿಗೂ ಮುಟ್ಟಿತು. ಆದರೆ ಇದು ಎರೆ ಭೂಮಿಯ ಕತೆ. ಹುಬ್ಬಳ್ಳಿ, ನವಲಗುಂದದ ಕಡೆಯದು. ಧಾರವಾಡ ದಾಟಿ, ಕೆಲಗೇರಿ ಹಿಂದೆ ಬಿಟ್ಟು ಪಶ್ಚಿಮಕ್ಕೆ ನಡೆದರೆ ಮಣ್ಣು ಕೆಂಪಗಾಗುತ್ತದೆ, ಮಳೆ ಹೆಚ್ಚುತ್ತದೆ, ಹತ್ತಿ ಮರೆಯಾಗಿ ಭತ್ತ ಕಾಣಿಸುತ್ತದೆ. ಬಯಲುಸೀಮೆ ಮುಗಿದು ಮಲೆನಾಡು ಇನ್ನೂ ಪೂರ್ತಿ ಶುರುವಾಗದ ಆ ಪಟ್ಟಿಯಲ್ಲಿ ಮುಗದ ಇದೆ. ಜಿಲ್ಲೆಯ ಲೆಕ್ಕದಲ್ಲಿ ಈ ಪಟ್ಟಿ ಎಷ್ಟರ ಮಟ್ಟಿಗೆ ಕಾಣುತ್ತದೆ ಎಂಬುದು ನನ್ನ ಪ್ರಶ್ನೆ.

ಊರು ಹಳೆಯದು. 1045ರ ಶಾಸನದಲ್ಲಿ ಇದರ ಹೆಸರು ಮುಗುಂದ. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ ಆ ಶಾಸನದಲ್ಲಿ ಇಲ್ಲಿನ ಬಸದಿಯ ಮಾತಿದೆ, ಜೈನರ ಯಾಪನೀಯ ಸಂಘದ ಕುಮುದಿ ಗಣದ ಆಚಾರ್ಯರ ಮಾತಿದೆ, ನಾಟಕಶಾಲೆಯ ಪ್ರಸ್ತಾಪವೂ ಇದೆ. ರಂಗಭೂಮಿಯ ಚರಿತ್ರೆಕಾರರು ಈ ಕೊನೆಯ ಮಾತನ್ನು ಹಿಡಿದು ಬಹಳ ಬರೆದಿದ್ದಾರೆ. ನನಗೆ ಅದರಲ್ಲಿ ಕಾಣುವುದು ಕಣಜ. ಬಸದಿಯನ್ನೂ ನಾಟಕಶಾಲೆಯನ್ನೂ ಸಾಕಬೇಕಾದರೆ ಉಂಡು ಮಿಗುವಷ್ಟು ಧಾನ್ಯ ಊರಿನಲ್ಲಿ ಬೆಳೆಯಬೇಕು. ತಗ್ಗಿನ ಗದ್ದೆಗಳಲ್ಲಿ ಮಳೆನೀರು ತಾನಾಗಿ ನಿಲ್ಲುವ ಈ ನೆಲಕ್ಕೆ ಆ ಶಕ್ತಿ ಒಂದು ಸಾವಿರ ವರ್ಷದ ಹಿಂದೆಯೂ ಇತ್ತೆಂದು ಊಹಿಸುವುದು ತಪ್ಪಾಗಲಾರದು.

ಜನಸಂಖ್ಯೆಯ ಆಧುನಿಕ ಲೆಕ್ಕ ಬರಗಾಲದ ನೆರಳಿನಲ್ಲಿ ಆರಂಭವಾಗುತ್ತದೆ. 1872ರ ಎಣಿಕೆಯಲ್ಲಿ ಅಂದಿನ ಧಾರವಾಡ ಜಿಲ್ಲೆಯಲ್ಲಿ ಸುಮಾರು 9.88 ಲಕ್ಷ ಜನರಿದ್ದರು. 1881ರಲ್ಲಿ ಆ ಸಂಖ್ಯೆ 8.82 ಲಕ್ಷಕ್ಕೆ ಇಳಿಯಿತು. ನಡುವೆ ಬಂದುಹೋದದ್ದು 1876–78ರ ಬರ. ಒಂದು ಲಕ್ಷಕ್ಕೂ ಹೆಚ್ಚು ಜನ ಕಡಿಮೆಯಾದ ಈ ಎರಡು ಅಂಕೆಗಳನ್ನು ಅಕ್ಕಪಕ್ಕ ಇಟ್ಟು ಓದುವಾಗ ಇಂದಿಗೂ ಕೈ ತಡೆಯುತ್ತದೆ. 1901ರ ಹೊತ್ತಿಗೆ ಜಿಲ್ಲೆ 11.13 ಲಕ್ಷಕ್ಕೆ ಏರಿತು.

ಮುಗದದ ಮುಂದಿನ ಆರ್ಥಿಕತೆಯನ್ನು ತಿರುಗಿಸಿದ್ದೂ ಅದೇ ಬರವೇ. ಹಸಿದ ಸೀಮೆಗೆ ಕಾಳು ಸಾಗಿಸಲು ಹಳಿ ಬೇಕೆಂಬ ವಾದಕ್ಕೆ ಬರದ ನಂತರ ಬಲ ಬಂತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದೇ ದಶಕದ ಕೊನೆಗೆ ಹುಬ್ಬಳ್ಳಿಯಿಂದ ಧಾರವಾಡ, ಅಳ್ನಾವರ, ಲೋಂಡಾ ಮಾರ್ಗವಾಗಿ ಮರ್ಮಗೋವಾ ಬಂದರಿನವರೆಗೆ ರೈಲು ಓಡಿತು. ಧಾರವಾಡ ಬಿಟ್ಟರೆ ಕ್ಯಾರಕೊಪ್ಪ, ಆಮೇಲೆ ಮುಗದ, ಮುಂದೆ ಕಂಬಾರಗಣವಿ, ಅಳ್ನಾವರ. ಹೀಗೆ ಒಂದು ಭತ್ತದ ಹಳ್ಳಿ ಬಂದರಿನ ದಾರಿಯ ನಿಲ್ದಾಣವಾಯಿತು. ಪೇಟೆ ಹತ್ತಿರ ಬಂತು. ಪೇಟೆಯ ಕೂಲಿಯೂ ಹತ್ತಿರ ಬಂತು.

ಇನ್ನು ದುಡಿಮೆಯ ವಿಚಾರ. ಇಲ್ಲಿ ನಿಧಾನಿಸಬೇಕು, ಯಾಕೆಂದರೆ ಈ ಭಾಗದ ಭತ್ತ ಗಂಗಾವತಿಯ ಕಾಲುವೆ ಭತ್ತವಲ್ಲ. ಇಲ್ಲಿ ಸಸಿ ಮಡಿಯಿಲ್ಲ, ನಾಟಿಯಿಲ್ಲ. ಮುಂಗಾರು ಮೊದಲ ಮಳೆ ಬಿದ್ದು ನೆಲ ಹದವಾದೊಡನೆ, ಮೇ ಕೊನೆ ಇಲ್ಲವೆ ಜೂನಿನಲ್ಲಿ, ಜೋಳ ಬಿತ್ತಿದಂತೆ ಕೂರಿಗೆಯಿಂದ ಭತ್ತ ಬಿತ್ತುತ್ತಾರೆ. ಬೆಳೆ ಎದ್ದ ಮೇಲೆ ಸಾಲಿನ ನಡುವೆ ಎಡೆಕುಂಟೆ ಹಾಯುತ್ತದೆ. ಜುಲೈ, ಆಗಸ್ಟಿನ ಮಳೆಗೆ ಗದ್ದೆಯಲ್ಲಿ ನೀರು ನಿಂತಾಗ ಮಾತ್ರ ಅದು ನೋಡುವವರಿಗೆ ಮಲೆನಾಡಿನ ಗದ್ದೆ. ಅರ್ಧ ಆಯುಷ್ಯ ಒಣಬೆಳೆ, ಅರ್ಧ ಆಯುಷ್ಯ ನೀರುಬೆಳೆ. ಮೊದಲ ವಾರಗಳಲ್ಲಿ ನೀರು ನಿಲ್ಲದಿರುವುದರಿಂದ ಕಳೆ ವಿಪರೀತ ಏಳುತ್ತದೆ. ಅದನ್ನು ತೆಗೆಯುವ ಕೈಗಳು ಬಹುತೇಕ ಹೆಣ್ಣುಮಕ್ಕಳವು. ಸುಗ್ಗಿಯ ನಂತರ ಮಣ್ಣಿನ ಹಸಿ ಆರುವ ಮುನ್ನ ಅದೇ ಗದ್ದೆಗೆ ಕಡಲೆಯಂಥ ಕಾಳು ಬೀಳುತ್ತದೆ. ಈ ಪಟ್ಟಿಯಲ್ಲಿ ಮಾವಿನ ತೋಟಗಳಿವೆ, ಆಪೂಸಿಗೆ ಹೆಸರು ಮಾಡಿದ ನೆಲವಿದು. ಮನೆಮನೆಗೆ ಎಮ್ಮೆಯಿದೆ, ಪೇಢೆಯ ಊರಾದ ಧಾರವಾಡಕ್ಕೆ ಹಾಲು ಬೇಕೇಬೇಕು.

ಈ ಬಿತ್ತನೆಗೆ ಹೊಂದುವ ತಳಿ ಬೇರೆಯೇ ಬೇಕಿತ್ತು. ಮುಂಬೈ ಪ್ರಾಂತದ ಕೃಷಿ ಇಲಾಖೆಯ ಕಾಲದಲ್ಲಿಯೇ ಮುಗದದಲ್ಲಿ ಭತ್ತದ ಸಂಶೋಧನೆ ನಡೆದು, ಊರಿನ ಹೆಸರು ಹೊತ್ತ ‘ಮುಗದ 161’ರಂಥ ಆಯ್ಕೆಗಳು ಹೊರಬಂದವು. 1986ರಲ್ಲಿ ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಮುಗದದ ಈ ಸಂಶೋಧನಾ ಕೇಂದ್ರ ಅದರ ಕೈಗೆ ಬಂತು. ‘ಮುಗದ 101’, ಪರಿಮಳದ ‘ಮುಗದ ಸುಗಂಧ’ ಆಮೇಲಿನವು. ರೈತರು ಬೀಜ ಕೇಳುವಾಗ ಊರ ಹೆಸರನ್ನೇ ತಳಿಯ ಹೆಸರಾಗಿ ಹೇಳುವ ಭಾಗ್ಯ ಬಹಳ ಹಳ್ಳಿಗಳಿಗಿಲ್ಲ.

ನೆಲದ ಒಡೆತನವೂ ಬದಲಾಯಿತು. 1948ರ ಮುಂಬೈ ಗೇಣಿ ಕಾಯ್ದೆ, ಅದರ ನಂತರ 1974ರ ಮಾರ್ಚ್ 1ರಿಂದ ಜಾರಿಯಾದ ಕರ್ನಾಟಕ ಭೂಸುಧಾರಣೆ ತಿದ್ದುಪಡಿ ಈ ಸೀಮೆಯ ಗೇಣಿದಾರರಿಗೆ ಒಡೆತನದ ಹಕ್ಕು ಕೇಳುವ ದಾರಿ ತೆರೆದವು.

ಇಷ್ಟೆಲ್ಲ ಜಿಲ್ಲೆಯ ಅಂಕೆಗಳಲ್ಲಿ ಎಲ್ಲಿದೆ? 1997ರಲ್ಲಿ ಗದಗ, ಹಾವೇರಿ ಬೇರೆಯಾದ ಮೇಲೆ ಉಳಿದ ಧಾರವಾಡ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ 18,47,023 ಜನ. ಅವರಲ್ಲಿ ನೂರಕ್ಕೆ ಸುಮಾರು 57 ಮಂದಿ ಪಟ್ಟಣವಾಸಿಗಳು. ಎಂದರೆ ಜಿಲ್ಲೆಯ ಯಾವ ಸರಾಸರಿ ತೆಗೆದರೂ ಅದರಲ್ಲಿ ಮಾತಾಡುವುದು ಹುಬ್ಬಳ್ಳಿ-ಧಾರವಾಡ ಅವಳಿ ನಗರವೇ. ಅಮೆರಿಕದಲ್ಲಿ 1790ರ ಮೊದಲ ಜನಗಣತಿಯಿಂದಲೂ ಕೌಂಟಿ ಎಂಬ ಚಿಕ್ಕ ಆಡಳಿತ ಘಟಕದ ಲೆಕ್ಕ ಸಿಗುತ್ತದೆ. ಕೆಲವೇ ಸಾವಿರ ಜನರಿರುವ ಹಳ್ಳಿಗಾಡಿನ ಕೌಂಟಿಯೂ ತನ್ನ ವಯಸ್ಸು, ವರಮಾನ, ಕಸುಬುಗಳನ್ನು ತನ್ನ ಹೆಸರಿನಲ್ಲೇ ಹೇಳಿಕೊಳ್ಳಬಲ್ಲದು. ನಮ್ಮಲ್ಲಿ 1951ರಿಂದ ಬರುತ್ತಿರುವ ಜಿಲ್ಲಾ ಜನಗಣತಿ ಕೈಪಿಡಿಯ ಗ್ರಾಮವಾರು ಪಟ್ಟಿಗೆ ಇಳಿಯದ ಹೊರತು ಮುಗದ ಕಾಣುವುದಿಲ್ಲ.

ಕೈಪಿಡಿಗೆ ಇಳಿದರೂ ತೊಡಕು ಮುಗಿಯದು. ದುಡಿಯುವವರನ್ನು ಅದು ಸಾಗುವಳಿದಾರರು, ಕೃಷಿ ಕೂಲಿಗಳು, ಗೃಹ ಕೈಗಾರಿಕೆಯವರು, ಇತರರು ಎಂದು ನಾಲ್ಕು ಕಾಲಮಿನಲ್ಲಿ ಹಂಚುತ್ತದೆ. ವರ್ಷದಲ್ಲಿ ಆರು ತಿಂಗಳು ದುಡಿದರೆ ಮುಖ್ಯ ದುಡಿಮೆಗಾರ, ಕಡಿಮೆಯಾದರೆ ಅಲ್ಪಾವಧಿಯ ದುಡಿಮೆಗಾರ. ಈಗ ಒಬ್ಬ ಹೆಣ್ಣುಮಗಳ ವರ್ಷವನ್ನು ಎದುರಿಗಿಟ್ಟು ನೋಡಿ. ಬೆಳಗ್ಗೆ ಎಮ್ಮೆ ಹಿಂಡಿ ಡೇರಿಗೆ ಹಾಲು ಹಾಕುತ್ತಾಳೆ, ಜುಲೈನಲ್ಲಿ ಸ್ವಂತ ಗದ್ದೆಯ ಕಳೆ ತೆಗೆದು ಮಾರನೇ ವಾರ ನೆರೆಯವರ ಗದ್ದೆಗೆ ಆಳಾಗಿ ಹೋಗುತ್ತಾಳೆ, ಬೇಸಿಗೆಯಲ್ಲಿ ಧಾರವಾಡದ ಕಟ್ಟಡ ಕೆಲಸಕ್ಕೆ ಬಸ್ಸು ಹತ್ತುತ್ತಾಳೆ. ನಾಲ್ಕು ಕಾಲಮಿನಲ್ಲಿ ಆಕೆ ಯಾವುದಕ್ಕೆ ಸೇರಬೇಕು? ಹೆಚ್ಚಿನ ಸಲ ಉತ್ತರ ಕೊಡುವವನು ಮನೆಯ ಯಜಮಾನ, ಅವನು ‘ಮನೆಕೆಲಸ’ ಎಂದುಬಿಟ್ಟರೆ ಅಲ್ಲಿಗೆ ಆ ವರ್ಷವೇ ಅಳಿಸಿಹೋಯಿತು.

ಇದರ ಮೇಲೆ ಇನ್ನೊಂದಿದೆ. 2011ರ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಪ್ರಶ್ನೆ ಹಿಂದಿನ ಇಡೀ ವರ್ಷದ್ದು, ನಿಜ. ಆದರೆ ಆ ಹೊತ್ತಿಗೆ ಭತ್ತ ಚೀಲ ಸೇರಿರುತ್ತದೆ, ಗದ್ದೆಯಲ್ಲಿ ಕೂಳೆ ಮಾತ್ರ ಇರುತ್ತದೆ, ಕಳೆಯ ತಿಂಗಳು ನೆನಪಿನಿಂದ ದೂರ ಸರಿದಿರುತ್ತದೆ. ಮುಗದದಂಥ ಊರಿನ ದುಡಿಮೆಯನ್ನು ಅಳೆಯಬೇಕಾದರೆ ಅದೇ ಮನೆಗೆ ಮೂರು ಸಲ ಹೋಗಿ ಕೇಳಬೇಕು: ಕಳೆ ತೆಗೆಯುವ ಜುಲೈನಲ್ಲಿ, ಕೊಯ್ಲಿನ ಹೊತ್ತಿಗೆ, ಗದ್ದೆ ಬಿರಿದ ಮಾರ್ಚಿನಲ್ಲಿ. ಕೇಳಬೇಕಾದದ್ದು ಯಜಮಾನನನ್ನಲ್ಲ, ಆಕೆಯನ್ನೇ.